ಗಂಟಿನ ಆಟಕ್ಕೆ ಮೂವತ್ತೆಂಟು

ವಿಡಿಯೋ ಗೇಮಿಗೆ ನೂರಕ್ಕೆ ಇಷ್ಟು ಅಂಕ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ತಲೆ ಕೆಡುತ್ತದೆ. ಎಂಬತ್ತೇಳು ಅಂತೆ. ಎಂಬತ್ತಾರು ಯಾಕಲ್ಲ? ಉಳಿದ ಹದಿಮೂರು ಎಲ್ಲಿ ಸೋರಿಹೋಯಿತು? ಕೇಳಿದರೆ ಅಂಕ ಕೊಟ್ಟವನಿಗೂ ಗೊತ್ತಿರುವುದಿಲ್ಲ. ಇದನ್ನು ಇಷ್ಟು ಗಟ್ಟಿಯಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ತೊಂಬತ್ತರ ದಶಕದ ಆರಂಭದಲ್ಲಿ ಸುಮಾರು ಒಂದೂವರೆ ವರ್ಷ, ಬನಹಟ್ಟಿಯಲ್ಲಿ ಕೂತು, ಜಮಖಂಡಿಯಿಂದ ಹೊರಡುತ್ತಿದ್ದ ಒಂದು ವಾರಪತ್ರಿಕೆಗೆ ಆ ಅಂಕ ಬರೆದು ಕಳಿಸುತ್ತಿದ್ದವನು ನಾನೇ. ಅವುಗಳಲ್ಲಿ ಒಂದು ಅಂಕ ಒಬ್ಬ ಹೆಣ್ಣುಮಗಳ ಅಂಗಡಿಯನ್ನು ಮುಚ್ಚಿಸಿತು. ಅದನ್ನು ಇಷ್ಟು ವರ್ಷ ಯಾರ ಹತ್ತಿರವೂ ಸರಿಯಾಗಿ ಹೇಳಿಲ್ಲ.

ನಾನು ಓದಿದ್ದು ಹೈಸ್ಕೂಲಿನವರೆಗೆ. ಕೆಲಸ ನೇಕಾರರ ಸೊಸಾಯಿಟಿಯಲ್ಲಿ, ಸೀರೆ ನೋಡುವುದು. ನೇಕಾರರು ಮನೆಯಲ್ಲಿ ನೇಯ್ದು ತಂದ ಸೀರೆಯನ್ನು ಬಾಗಿಲ ಬೆಳಕಿಗೆ ಅಡ್ಡಕಟ್ಟಿದ ಬಿದಿರ ಗಳದ ಮೇಲೆ ಹಿಂಬದಿ ಹೊರಗೆ ಮಾಡಿ ಹರಡುತ್ತಿದ್ದೆ. ಮುಂಬದಿ ಸುಳ್ಳು ಹೇಳುತ್ತದೆ, ಹಿಂಬದಿ ಹೇಳುವುದಿಲ್ಲ ಎಂದು ನನ್ನ ಹಿಂದಿನವರು ಕಲಿಸಿದ್ದರು. ಕೈಯಲ್ಲಿ ಕೆಂಪು ಪೆನ್ಸಿಲ್ಲು. ಮುಂದೆ ಅಚ್ಚು ಹಾಕಿಸಿದ ಒಂದು ಫಾರಂ: ಎಳೆ ಕಡಿದದ್ದು, ಅಡ್ಡ ನೂಲಿನ ಹೊಕ್ಕು ದಪ್ಪಾದದ್ದು, ಬಣ್ಣ ಹರಿದದ್ದು, ಅಂಚಿನ ದಡಿ ಸೊಟ್ಟಾದದ್ದು, ಅಳತೆ ಕಡಿಮೆಯಾದದ್ದು. ಒಂದೊಂದು ತಪ್ಪಿಗೆ ಇಷ್ಟಿಷ್ಟು ಎಂದು ನೂರರಿಂದ ಕಳೆಯುತ್ತ ಬರಬೇಕು. ಕಳೆಯುವುದರಲ್ಲಿ ನಾನು ಗಟ್ಟಿಗ. ಕೂಡಿಸುವುದಕ್ಕೆ ಆ ಫಾರಂನಲ್ಲಿ ಕಾಲಮ್ಮೇ ಇರಲಿಲ್ಲ.

ಸೀರೆ ಮಡಚುವ ಕೋಣೆಯಲ್ಲಿ ಒಬ್ಬ ಮುದುಕಿ ಇದ್ದಳು. ಒಮ್ಮೆ ನಾನು ಒಂದು ಕೆಂಪು ಸೀರೆಗೆ ಅಂಕ ಕಳೆಯುತ್ತಿದ್ದಾಗ ಹಿಂದಿನಿಂದ ಅಂದಳು: "ಎಟ್ಟ ಚಂದ ಐತಲ್ರಿ ಸಾಹೇಬ್ರ, ಮದಿವಿಗಿ ಉಟ್ರ ಹೆಂಗ ಕಾಣ್ತೈತಿ!"

"ದಡಿ ನೋಡು, ಎರಡ ಕಡೆ ಸೊಟ್ಟ."

"ಉಟ್ಟಾಗ ದಡಿ ಯಾರ ನೋಡ್ತಾರ್ರಿ? ಮಾರಿ ನೋಡ್ತಾರ."

ಎಲ್ಲರೂ ನಕ್ಕರು. ನಾನು ಇನ್ನೆರಡು ಅಂಕ ಕಳೆದೆ.

ಪತ್ರಿಕೆಯ ಸಂಪಾದಕ ನನ್ನ ಹೈಸ್ಕೂಲಿನ ಗೆಳೆಯ. ಅವನೇ ಸಂಪಾದಕ, ಅವನೇ ಮುದ್ರಕ, ಬಸ್ಸಿನಲ್ಲಿ ಊರೂರಿಗೆ ಕಟ್ಟು ಹಾಕಿ ಬರುವವನೂ ಅವನೇ. ಒಂದು ದಿನ ಸೊಸಾಯಿಟಿಗೆ ಬಂದು ನನ್ನ ಮುಂದಿನ ಸ್ಟೂಲು ಎಳೆದುಕೊಂಡು ಕೂತ. ರಬಕವಿ, ಬನಹಟ್ಟಿ, ಜಮಖಂಡಿ, ಮುಧೋಳ, ಎಲ್ಲ ಕಡೆಯೂ ಒಂದೇ ವರ್ಷದಲ್ಲಿ ವಿಡಿಯೋ ಗೇಮ್ ಅಂಗಡಿಗಳು ಎದ್ದಿದ್ದವು. ಆಳೆತ್ತರದ ಮರದ ಪೆಟ್ಟಿಗೆ, ಅದರಲ್ಲಿ ಟಿ.ವಿ., ಕೆಳಗೆ ಒಂದು ಹಿಡಿಕೆ, ಎರಡು ಗುಂಡಿ. ನಾಣ್ಯ ಹಾಕಿದರೆ ಆಟ ಶುರು. ಶಾಲೆಯ ಹುಡುಗರೂ ಮಗ್ಗದ ಕೆಲಸದವರೂ ಅಲ್ಲೇ ಬಿದ್ದಿರುತ್ತಾರೆ ಎಂದು ಹಿರಿಯರಿಗೆಲ್ಲ ಸಿಟ್ಟು.

"ಲೇ, ಯಾವ ಆಟ ಛಲೋ, ಯಾವದು ಛಲೋ ಅಲ್ಲ ಅಂತ ವಾರಾ ವಾರಾ ನನ್ನ ಪೇಪರಿಗಿ ಬರದ ಕೊಡು," ಅಂದ.

"ನಾ ಆಟ ಆಡಾಂವ ಅಲ್ಲಲೇ. ನನಗೇನ ತಿಳೀತೈತಿ?"

"ಸೀರಿ ಉಡಾಂವೂ ಅಲ್ಲ ನೀ. ಮಾರ್ಕ್ಸ ಕೊಡಾಕತ್ತಿಲ್ಲೇನ?"

ಆಗ ನನಗೆ ಈ ಮಾತು ಹೊಗಳಿಕೆಯಾಗಿ ಕೇಳಿಸಿತು.

"ಹತ್ತಕ್ಕ ಇಷ್ಟು ಅಂತ ಕೊಟ್ರ ಸಾಕಲಾ?" ಅಂದೆ.

"ಬ್ಯಾಡ, ನೂರಕ್ಕ ಕೊಡು. ಹತ್ತಕ್ಕ ಕೊಟ್ರ ಮಂದಿಗಿ ಜಗಳಾಡಾಕ ಜಾಗಾ ಸಾಲೂದಿಲ್ಲ."

ಹೀಗೆ ನಾನು ವಿಮರ್ಶಕನಾದೆ. ನಾನು ಮಾಡಿದ ಮೊದಲ ಕೆಲಸ ಏನೆಂದು ನೆನೆದರೆ ಈಗ ನನ್ನ ಮೇಲೆ ನನಗೇ ರೇಗುತ್ತದೆ. ಸೊಸಾಯಿಟಿಯ ಆ ಹಳೆಯ ಫಾರಂಗಳದ್ದೇ ಒಂದು ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಹೊರಟೆ! ಚಿತ್ರ ನಡುವೆ ತಡವರಿಸಿದರೆ ಎಳೆ ಕಡಿತ. ಒಂದರ ಬಣ್ಣ ಇನ್ನೊಂದರೊಳಗೆ ಇಳಿದಿದ್ದರೆ ಬಣ್ಣ ಹರಿದದ್ದು. ಚಿತ್ರ ಪರದೆಯ ಅಂಚಿನಲ್ಲಿ ವಾಲಿದ್ದರೆ ದಡಿ ಸೊಟ್ಟ. ಒಂದು ನಾಣ್ಯಕ್ಕೆ ಆಟ ಬೇಗ ಮುಗಿದರೆ ಅಳತೆ ಕಡಿಮೆ. ಹೊಕ್ಕು ದಪ್ಪಾದದ್ದು ಎಂಬ ಕಾಲಮ್ಮಿಗೆ ಏನು ಮಾಡುವುದೆಂದು ತಿಳಿಯದೆ ಸದ್ದು ಕರ್ಕಶವಾಗಿದ್ದರೆ ಅಲ್ಲಿ ಕಳೆಯುತ್ತಿದ್ದೆ. ಪೆಟ್ಟಿಗೆಯ ಹಿಂದೆ ಹೋಗಿ ಹಿಂಬದಿ ನೋಡಿದ್ದೂ ಉಂಟು. ಅಲ್ಲಿ ವೈರುಗಳಿದ್ದವು, ಜೇಡವಿತ್ತು.

ಅಂಕಣ ನಡೆಯಿತು. ಇದು ನನ್ನ ಎಣಿಕೆ ಮೀರಿದ್ದು. ಮುಧೋಳದಲ್ಲಿ ಒಬ್ಬ ಮಾಸ್ತರರು ಅದನ್ನು ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿದರಂತೆ. ಐವತ್ತಕ್ಕಿಂತ ಕಡಿಮೆ ಬಂದ ಆಟವನ್ನು ಆಡುವಂತಿಲ್ಲ ಎಂದು ಎಷ್ಟೋ ಮನೆಗಳಲ್ಲಿ ಕಟ್ಟಪ್ಪಣೆಯಾಯಿತು. ಶಾಲೆಯಲ್ಲಿ ಪಾಸು ಎನ್ನಲು ಮೂವತ್ತೈದು ಸಾಕು, ಆಟಕ್ಕೆ ಐವತ್ತು ಬೇಕು ಎಂದು ಯಾರು ನಿರ್ಧರಿಸಿದರೋ ಕಾಣೆ, ನಾನಂತೂ ಹೇಳಿರಲಿಲ್ಲ. ಬಸ್ ನಿಲ್ದಾಣದ ಎದುರಿನ ದೊಡ್ಡ ಅಂಗಡಿಯವನು ತನ್ನ ಕಾರಿನ ಓಟದ ಆಟಕ್ಕೆ ನಾನು ಕೊಟ್ಟ ತೊಂಬತ್ತೊಂದನ್ನು ರಟ್ಟಿನ ಮೇಲೆ ಬರೆಸಿ ಬಾಗಿಲಿಗೆ ತೂಗುಹಾಕಿದ. ಅದನ್ನು ನೋಡಲೆಂದೇ ನಾನು ಎರಡು ಸಲ ಆ ದಾರಿಯಲ್ಲಿ ಸುತ್ತಿ ಹೋಗಿದ್ದೇನೆ.

ಆ ಕಾರಿನ ಆಟದಲ್ಲಿ ಅಳತೆಯೊಂದು ಬಿಟ್ಟರೆ ತಪ್ಪೆಂಬುದೇ ಇರಲಿಲ್ಲ. ಬಣ್ಣ ನೆಟ್ಟಗೆ, ಚಿತ್ರ ನೆಟ್ಟಗೆ, ಸದ್ದು ಇಂಪು. ಆದರೆ ಎರಡು ಸಲ ಆಡಿದ ಮೇಲೆ ನನಗೆ ಆಕಳಿಕೆ ಬಂತು. ನೀವು ಎಷ್ಟು ಚೆನ್ನಾಗಿ ಓಡಿಸಿದರೂ ಮೂರನೆಯ ತಿರುವಿನಲ್ಲಿ ಹಿಂದಿನಿಂದ ಒಂದು ಕಾರು ಬಂದು ಗುದ್ದುತ್ತಿತ್ತು. ಯಾವಾಗ ಸೋಲಬೇಕೆಂದು ಪೆಟ್ಟಿಗೆಯೇ ತೀರ್ಮಾನ ಮಾಡಿ ಇಟ್ಟಿತ್ತು. ಆಕಳಿಕೆಗೂ ಫಾರಂನಲ್ಲಿ ಕಾಲಮ್ಮಿರಲಿಲ್ಲ.

ಇನ್ನು ಆ ಹೆಣ್ಣುಮಗಳ ವಿಷಯ. ಅವಳೂ ಅವಳ ಗಂಡನೂ ನಮ್ಮ ಸೊಸಾಯಿಟಿಗೇ ನೇಯುತ್ತಿದ್ದವರು. ಗಂಡನಿಗೆ ಮೊಳಕಾಲು ಹಿಡಿದು ಕುಣಿಮಗ್ಗದಲ್ಲಿ ಕೂರುವುದು ಆಗದಾಯಿತು. ಮಗ್ಗ ಮಾರಿ, ಇಚಲಕರಂಜಿಯ ಕಡೆಯಿಂದ ಹಳೆಯದೊಂದು ಆಟದ ಪೆಟ್ಟಿಗೆ ತಂದರು. ಕಾಲಿಳಿಸಿ ಕೂರುತ್ತಿದ್ದ ಮಗ್ಗದ ಕುಣಿಗೆ ಹಲಗೆ ಮುಚ್ಚಿ, ಅದರ ಪಕ್ಕದಲ್ಲಿ ಪೆಟ್ಟಿಗೆ ನಿಲ್ಲಿಸಿದ್ದರು. ಒಂದೇ ಪೆಟ್ಟಿಗೆ, ಒಂದೇ ಆಟ. ಮನೆ ನಡೆಯಬೇಕಾದದ್ದು ಅದರಿಂದಲೇ.

ಆ ಆಟಕ್ಕೆ ಹೆಸರು ಏನೋ ಇತ್ತು, ಓದಲು ಬಾರದ ಲಿಪಿಯಲ್ಲಿ. ಆಡುವವರು ಗಂಟಿನ ಆಟ ಎನ್ನುತ್ತಿದ್ದರು. ತಲೆಯ ಮೇಲೆ ಗಂಟು ಹೊತ್ತ ಒಬ್ಬ ಮನುಷ್ಯ ಹೊಳೆ ದಾಟಬೇಕು. ತೇಲಿಬರುವ ದಿಮ್ಮಿಗಳ ಮೇಲೆ ಜಿಗಿಯುತ್ತ ಹೋಗಬೇಕು. ದಿಮ್ಮಿಗಳ ಮೇಲೆ ಹಣ್ಣು, ಕೊಡ, ದೀಪ ಹೀಗೆ ಏನೇನೋ ಇರುತ್ತವೆ. ಎತ್ತಿಕೊಂಡಷ್ಟೂ ಗಂಟು ದೊಡ್ಡದಾಗುತ್ತದೆ, ಜಿಗಿತ ಗಿಡ್ಡದಾಗುತ್ತದೆ. ಎರಡನೆಯ ಗುಂಡಿ ಒತ್ತಿದರೆ ಗಂಟಿನಿಂದ ಒಂದು ವಸ್ತು ನೀರಿಗೆ ಬೀಳುತ್ತದೆ. ಇಷ್ಟೇ ಆಟ.

ಮೊದಲ ದಿನ ಫಾರಂ ಹಿಡಿದು ಹೋದಾಗ ಅವಳು ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯನ್ನು ಒರೆಸಿದಳು. "ಬರ್ರಿ ಅಣ್ಣಾರ. ಸೀರಿ ನೋಡಿಧಂಗ ನೋಡಬ್ಯಾಡ್ರಿ ಮತ್ತ, ನಿಮ್ಮ ಕೆಂಪ ಪೆನ್ಸಿಲ್ ಕಂಡ್ರ ನನಗ ಇನ್ನೂ ಎದಿ ಡವಗುಡತೈತಿ."

ನಾನು ಆಡಿದೆ. ಹಣ್ಣು ಎತ್ತಿದೆ, ಕೊಡ ಎತ್ತಿದೆ, ಜಿಗಿದೆ, ನೀರಿಗೆ ಬಿದ್ದೆ. ಮತ್ತೆ ಎತ್ತಿದೆ, ಮತ್ತೆ ಬಿದ್ದೆ. ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದ ಅವಳ ಗಂಡ ನಕ್ಕ.

"ಸಾಹೇಬ್ರ, ಎಲ್ಲಾ ಬಾಚಕೊಂಡ ಹೊಂಟ್ರ ಹೆಂಗ್ರಿ?"

"ಅಣ್ಣಾರ, ಕೊಡ ಬಿಡ್ರಿ. ದೀಪ ಅಷ್ಟ ಇಟ್ಕೋರಿ," ಎಂದು ಅವಳು ಪಕ್ಕದಲ್ಲಿ ನಿಂತು ಹೇಳತೊಡಗಿದಳು. "ಈಗ ಬ್ಯಾಡ... ಈಗ ಬ್ಯಾಡ... ಹಾಂ, ಜಿಗೀರಿ! ಅಯ್ಯ, ಮೊದಲ ಜಿಗದ್ರೆಲಾ ಶಿವನ!"

ಪ್ರತಿ ಸಲ ಬಿದ್ದಾಗಲೂ ತಪ್ಪು ನನ್ನದೆಂದು ನನಗೆ ಗೊತ್ತಾಗುತ್ತಿತ್ತು. ಪೆಟ್ಟಿಗೆ ಮೋಸ ಮಾಡಿರಲಿಲ್ಲ. ನನ್ನ ಆಸೆ, ನನ್ನ ಅವಸರ. ಹಾಗಾಗಿ ಸಿಟ್ಟು ಪೆಟ್ಟಿಗೆಯ ಮೇಲೆ ಬರುತ್ತಿರಲಿಲ್ಲ, ಇನ್ನೊಂದು ಸಲ ನೋಡೋಣ ಅನ್ನಿಸುತ್ತಿತ್ತು. ಒಳ್ಳೆಯ ಆಟ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ತಿಳಿದಿರುವುದು ಇಷ್ಟೇ. ಇದು ಆ ಮಧ್ಯಾಹ್ನವೇ ನನಗೆ ತಿಳಿದಿತ್ತು, ಆಮೇಲೆ ತಿಳಿದದ್ದಲ್ಲ.

ಮರುದಿನ ಊಟದ ಬಿಡುವಿನಲ್ಲಿ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿಗೆ, ಮತ್ತೆ ಹೋದೆ. ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದೆ. ಅದರ ಮರುದಿನವೂ ಹೋದೆ. ಬುತ್ತಿ ಬಿಚ್ಚದೆ ಹಾಗೇ ಮನೆಗೆ ತಂದ ದಿನ ಹೆಂಡತಿ ಬೈದಳು, ಸೊಸಾಯಿಟಿಯಲ್ಲಿ ತಪಾಸಣೆ ನಡೆದಿದೆ ಎಂದು ಅವಳಿಗೂ ಸುಳ್ಳು ಹೇಳಿದೆ. ಹನ್ನೊಂದು ದಿನ ಹೋದೆ. ನಾಲ್ಕನೆಯ ಹೊಳೆಯವರೆಗೆ ಬಂದಿದ್ದೆ. ನಡುವಯಸ್ಸು ದಾಟಿದವನು, ಊರಿನ ನೇಕಾರರೆಲ್ಲ ಎದ್ದು ನಿಲ್ಲುವ ಮನುಷ್ಯ, ಹಲಗೆಯ ಮೇಲೆ ನಿಂತು, "ಬಿಡಲೇ, ಕೊಡ ಬಿಡಲೇ!" ಎಂದು ಪರದೆಯೊಳಗಿನ ಮನುಷ್ಯನಿಗೆ ಕೂಗುತ್ತಿದ್ದೆ.

ಹನ್ನೆರಡನೆಯ ದಿನ ಸಂಪಾದಕ ಬಂದ. "ಈ ವಾರದ್ದೆಲ್ಲಿ?" ಅಂದ.

ಫಾರಂ ತುಂಬಿದೆ. ಚಿತ್ರ ನಡುಗುತ್ತದೆ, ಖರೆ. ಜಿಗಿಯುವಾಗ ಮನುಷ್ಯನ ಒಂದು ಕಾಲು ಮಾಯವಾಗುತ್ತದೆ, ಖರೆ. ನೀರಿನ ನೀಲಿ ದಂಡೆಯ ಮೇಲೆ ಹರಿದಿದೆ. ಸದ್ದು ಒಂದೇ, ಅದೂ ಬಿರುಕು. ದಡಿ ಎರಡೂ ಕಡೆ ಸೊಟ್ಟ. ಅಳತೆ ತೀರಾ ಕಡಿಮೆ. ಕಲಿಯದವನ ನಾಣ್ಯ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ಕಳೆಯುತ್ತ ಬಂದರೆ ಉಳಿದದ್ದು ಮೂವತ್ತೆಂಟು.

ಆ ಅಂಕವನ್ನು ನೋಡುತ್ತ ಬಹಳ ಹೊತ್ತು ಕೂತೆ. ಅದು ತಪ್ಪೆಂದು ಗೊತ್ತಿತ್ತು. ಬದಲಿಸಬಹುದಿತ್ತು, ಬದಲಿಸದಿದ್ದರೂ ಕೆಳಗೆ ಒಂದು ಒಳ್ಳೆಯ ಮಾತು ಬರೆಯಬಹುದಿತ್ತು. ಆದರೆ ತಪ್ಪು ತುಂಬಿದ ಆಟಕ್ಕೆ ಹೆಚ್ಚು ಅಂಕ ಕೊಟ್ಟರೆ, ಇಷ್ಟು ವರ್ಷ ನಾನು ಅಂಕ ಕಳೆದ ಸೀರೆಗಳೆಲ್ಲ ಬಂದು ಕೇಳುತ್ತವೆ ಅನ್ನಿಸಿತು. ಸಾಹೇಬ್ರು ದಿನಾ ಅಲ್ಲೇ ಇರ್ತಾರ ಎಂದು ಯಾರಾದರೂ ಆಡಿಕೊಂಡರೆ? ಆಡಿಕೊಳ್ಳುವ ಮೊದಲೇ ಬಾಯಿ ಮುಚ್ಚಿಸಬೇಕೆಂದು ಅಂಕದ ಕೆಳಗೆ ಒಂದು ಸಾಲು ಬರೆದೆ: "ಒಮ್ಮೆ ಆಡಿದವರು ಮತ್ತೊಮ್ಮೆ ಆ ಕಡೆ ತಲೆ ಹಾಕುವುದಿಲ್ಲ."

ಮೂವತ್ತೆಂಟು ನನ್ನ ಮೂರ್ಖತನ. ಆ ಸಾಲು ಹಾಗಲ್ಲ. ಅದು ತಿಳಿದು ಬರೆದ ಸುಳ್ಳು.

ಪತ್ರಿಕೆ ಬಂದ ಮೇಲೆ ಹುಡುಗರು ಬಸ್ ನಿಲ್ದಾಣದ ಕಡೆ ತಿರುಗಿದರು. ದೊಡ್ಡವರೂ ತಿರುಗಿದರು, ಮೂವತ್ತೆಂಟರ ಆಟ ಆಡುತ್ತಾನೆ ಎಂದು ಯಾರು ಅನ್ನಿಸಿಕೊಳ್ಳುತ್ತಾರೆ? ನಾನು ಆ ಓಣಿಯನ್ನೇ ಬಿಟ್ಟೆ. ಮೂರು ವಾರ ಕಳೆದಿರಬೇಕು. ಸೋಮವಾರ, ಸೊಸಾಯಿಟಿಯ ಬಾಗಿಲಲ್ಲಿ ನೇಕಾರರು ಸೀರೆ ಬಗಲಲ್ಲಿಟ್ಟುಕೊಂಡು ಸಾಲು ನಿಂತಿದ್ದರು. ಅವಳು ಬಂದಳು. ಕೈಯಲ್ಲಿ ಸೀರೆ ಇರಲಿಲ್ಲ, ಪತ್ರಿಕೆಯ ತುಂಡು ಇತ್ತು.

"ಅಣ್ಣಾರ, ಇದನ್ನ ನೀವ ಬರದೀರೇನ್ರಿ?"

"ಹೌದು."

"ಚಿತ್ರ ನಡಗತೈತಿ ಅಂದೀರಿ, ನಡಗತೈತಿ. ದನಿ ಒಡದೈತಿ ಅಂದೀರಿ, ಒಡದೈತಿ. ನಾ ಇಲ್ಲ ಅನ್ನಂಗಿಲ್ರಿ. ನಿಮ್ಮ ಮಾರ್ಕ್ಸ ನೀವ ಇಟ್ಕೋರಿ. ಆದ್ರ ಈ ಕಡೀ ಸಾಲ ಏನ್ರಿ ಇದು? ತಲಿ ಹಾಕೂದಿಲ್ಲ ಅಂತ? ನೀವ ಹನ್ನೊಂದ ದಿನಾ ಬಂದಿದ್ರಿ."

ಸಾಲಿನಲ್ಲಿದ್ದವನೊಬ್ಬ ಬಾಯಿ ತೆರೆದ. "ಹನ್ನೊಂದ ದಿನಾ? ಯಾರು, ನಮ್ಮ ಸಾಹೇಬ್ರಾ?"

"ಸಾಹೇಬ್ರಿಗಿ ಗಂಟ ಹೊರೂ ಹುಚ್ಚ ಹಿಡದೈತಿ ಹಂಗಾರ," ಎಂದ ಇನ್ನೊಬ್ಬ. ನಗೆ ಸಾಲಿನ ತುದಿಯವರೆಗೆ ಹೋಯಿತು.

ಅವಳು ನಗಲಿಲ್ಲ. "ಹನ್ನೊಂದ ದಿನಾ ಹೋಗಿ ಆಡೇನಿ ಅಂತ ಒಂದ ಸಾಲ ಬರೀರಿ ಅಣ್ಣಾರ. ಮತ್ತೇನೂ ಬ್ಯಾಡ. ಮಂದಿ ತಿರಗಿ ಬರ್ತಾರ."

ಅವಳು ಕೇಳಿದ್ದು ನಿಜ ಮಾತ್ರ, ಅದೂ ಒಂದೇ ಸಾಲು. ನಾನು ಗಳದ ಮೇಲಿನ ಸೀರೆಯಿಂದ ಕಣ್ಣೆತ್ತದೆ ಹೇಳಿದೆ: "ನಾ ಒಂದ ದಿನ ಬಂದಿದ್ದೆ, ಪರೀಕ್ಷಾ ಮಾಡಾಕ."

"ಒಂದ ದಿನ?"

"ಒಂದ ದಿನ."

ಅವಳು ಜಗಳ ಮಾಡಿದ್ದರೆ ಚೆನ್ನಾಗಿತ್ತು, ನಾನೂ ಕೂಗಾಡಿ ನನ್ನನ್ನು ನಾನೇ ನಂಬಿಸಿಕೊಳ್ಳುತ್ತಿದ್ದೆ. ಪತ್ರಿಕೆಯ ತುಂಡನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ಸಾಲಿನವರು ನನ್ನ ಮಾತನ್ನೇ ನಂಬಿದರು. ಅಥವಾ ನಂಬಿದಂತೆ ಇದ್ದರು. ಅವರ ಸೀರೆಗಳು ನನ್ನ ಗಳದ ಮೇಲೆ ಬರಬೇಕಾಗಿತ್ತಲ್ಲ.

ಎರಡು ತಿಂಗಳಲ್ಲಿ ಆ ಪೆಟ್ಟಿಗೆ ಬೀಳಗಿಯ ಯಾರಿಗೋ ಹೋಯಿತು ಎಂದು ಕೇಳಿದೆ. ಅವಳು ಪಾವರ್‌ಲೂಮಿನ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತಲು ಸೇರಿದಳು. ನಾನು ಸಂಪಾದಕನಿಗೆ ತಿದ್ದುಪಡಿ ಹಾಕು ಎಂದೆ, ಒಂದು ಚೀಟಿಯನ್ನೂ ಬರೆದು ಕೊಟ್ಟೆ. ಅವನು ಓದಿ ಹಿಂದಕ್ಕೆ ಕೊಟ್ಟ. "ಅಂಗಡೀನ ಇಲ್ಲ, ಇನ್ನ ಯಾರಿಗಿ ಬೇಕಲೇ ಇದು? ಮುಂದಿನ ವಾರದ್ದ ಕೊಡು." ಕೊಡಲಿಲ್ಲ. ಅಂಕಣ ಬಿಟ್ಟೆ. ಬಿಡುವುದು ಸುಲಭವಿತ್ತು.

ಅವಳ ಹತ್ತಿರ ಹೋಗಿ ಹೇಳಲು ಇನ್ನೂ ಆರು ತಿಂಗಳು ತೆಗೆದುಕೊಂಡೆ. ಅದರಲ್ಲೂ ನನ್ನ ಲೆಕ್ಕಾಚಾರ ನೋಡಿ: ದಿನಾ ಎರಡು ಗಂಟೆಗೆ ಕರೆಂಟು ಹೋಗುತ್ತದೆ, ಮಗ್ಗಗಳು ನಿಲ್ಲುತ್ತವೆ, ಕೆಲಸದವರು ಚಹಾಕ್ಕೆ ಹೊರಗೆ ಹೋಗುತ್ತಾರೆ, ಆಗ ಅವಳೊಬ್ಬಳಿಗೆ ಮೆಲ್ಲಗೆ ಹೇಳಿ ಬರೋಣ ಎಂದು ಸಮಯ ನೋಡಿಕೊಂಡೇ ಹೋದೆ. ವರ್ಷವಿಡೀ ಎರಡಕ್ಕೆ ತಪ್ಪದೆ ಹೋಗುವ ಕರೆಂಟು ಅವತ್ತು ಹೋಗಲಿಲ್ಲ. ಎರಡೂಕಾಲಾಯಿತು. ಇಪ್ಪತ್ತು ಮಗ್ಗಗಳ ಸದ್ದಿನಲ್ಲಿ ಅವಳ ಮುಂದೆ ನಿಂತಿದ್ದೆ. ಅವಳು ತಲೆಯೆತ್ತಿ, "ಏನ್ರಿ?" ಎಂದು ಕೈಯಲ್ಲಿ ಕೇಳಿದಳು.

"ನಾ ಅವತ್ತ ಸುಳ್ಳ ಹೇಳಿದ್ನಿ!"

"ಹಾಂ? ಕೇಳಸವಲ್ದ್ರಿ!"

"ಸುಳ್ಳ ಹೇಳಿದ್ನಿ ಅಂದೆ!"

"ಬೆಲ್ಲಾ?"

ನನಗೆ ಅಳು ಬರಬೇಕೋ ಸಿಟ್ಟು ಬರಬೇಕೋ ತಿಳಿಯಲಿಲ್ಲ. ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದೆ: "ಹನ್ನೊಂದ ದಿನಾ ನಾ ನಿಮ್ಮಲ್ಲೆ ಆಟ ಆಡಾಕ ಬಂದಿದ್ದೆ!"

ಆ ಮಾತಿನ ನಡುವೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೆ ನಿಂತವು. ನನ್ನ ಕೂಗಿನ ಉಳಿದರ್ಧ ಶೆಡ್ಡಿನ ತುಂಬ ಒಂಟಿಯಾಗಿ ಕೇಳಿಸಿತು. ಹತ್ತು ಹನ್ನೆರಡು ಜನ ತಿರುಗಿ ನೋಡಿದರು. ಬಾಗಿಲ ಹತ್ತಿರದವನೊಬ್ಬ, "ಮುತ್ಯಾಗ ಆಟ ಆಡೂ ವಯಸ್ಸ ನೋಡ," ಎಂದ. ಕೆಲವರು ನಕ್ಕರು, ಚಹಾಕ್ಕೆ ಹೊರಟರು. ಅಷ್ಟೇ ಆಯಿತು. ಅವರು ತೇರದಾಳದ ಕಡೆಯಿಂದ ಹೊಸದಾಗಿ ಬಂದ ಕೆಲಸದವರು, ನನ್ನ ಮುಖ ಕಂಡವರಲ್ಲ.

ಅವಳು ಕಂಡಿಕೆಯನ್ನು ಬುಟ್ಟಿಗೆ ಹಾಕಿದಳು.

"ಇದನ್ನ ಇಲ್ಲಿ ಹೇಳಿ ಏನ ಮಾಡೂದೈತ್ರಿ ಅಣ್ಣಾರ?" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇವರಿಗಿ ನೀವ ಯಾರಂತ ಗೊತ್ತಿಲ್ಲ. ಅಲ್ಲೆ ಹೇಳಬೇಕಿತ್ತು, ಸೊಸಾಯಿಟಿ ಬಾಗಲದಾಗ, ಸಾಲ ಹಚ್ಚಿದ್ದ ಮಂದಿ ಮುಂದ."

"ಸೋಮವಾರ ಹೇಳತೀನಿ," ಅಂದೆ.

"ಹೇಳ್ರಿ," ಅಂದಳು. ನಂಬಲಿಲ್ಲ ಎಂದು ಮುಖದಲ್ಲೇ ಇತ್ತು.

ಸೋಮವಾರ ಸಾಲು ಉದ್ದವಿತ್ತು. ಅವತ್ತು ನಕ್ಕಿದ್ದವರಲ್ಲಿ ನಾಲ್ಕಾರು ಜನ ಅಲ್ಲೇ ನಿಂತಿದ್ದರು. ಮೊದಲ ಸೀರೆ ಆಗಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಎರಡನೆಯದು ಆಗಲಿ ಎಂದುಕೊಂಡೆ. ಮಧ್ಯಾಹ್ನದವರೆಗೆ ಸಾಲು ಕರಗಿತು, ಎಲ್ಲರೂ ಹೋದರು, ನಾನು ಬುತ್ತಿ ಬಿಚ್ಚಿ ಉಂಡೆ. ಮುಂದಿನ ಸೋಮವಾರವೂ ಹಾಗೇ ಆಯಿತು. ನಿವೃತ್ತನಾಗುವವರೆಗೆ ಎಷ್ಟೋ ಸೋಮವಾರಗಳು ಬಂದವು.

ಆ ನೇಕಾರರಲ್ಲಿ ಬಹಳ ಜನ ಈಗಿಲ್ಲ. ಅವಳೂ ಇಲ್ಲ. ಆ ಬಾಗಿಲಲ್ಲಿ ಹೇಳಬೇಕಾಗಿದ್ದನ್ನು ಇಲ್ಲಿ ಬರೆದಿದ್ದೇನೆ. ಇದೂ ಅವಳು ಹೇಳಿದ ಜಾಗವಲ್ಲ ಎಂದು ನನಗೆ ಗೊತ್ತು.